ನಡುಗಿದ್ದು ನನ್ನ ಕೈಯಲ್ಲ

ನಾನು ಕುಡಿಯುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲಿ ನನ್ನ ಬಗ್ಗೆ ಯಾರನ್ನು ಕೇಳಿದರೂ ಮೊದಲು ಅದನ್ನೇ ಹೇಳುತ್ತಾರೆ. ಒಂದು ಮಧ್ಯಾಹ್ನ ಜೀಪನ್ನು ಚಹಾದಂಗಡಿಯ ಬೆಂಚಿನ ಮೇಲೆ ಹತ್ತಿಸಿದ್ದೂ ನಿಜ. ಬೆಂಚಿನ ಮೇಲೆ ಯಾರೂ ಕೂತಿರಲಿಲ್ಲ, ಅದು ನನ್ನ ಪುಣ್ಯ. ಆವತ್ತೇ ಕೊನೆ, ಆಮೇಲೆ ಒಂದು ತೊಟ್ಟು ಮುಟ್ಟಿಲ್ಲ.

ಈಗ ಹೇಳುತ್ತಿರುವುದು ಕುಡಿತ ಬಿಟ್ಟು ಮೂರು ವರ್ಷವಾದ ಮೇಲಿನ ಸಂಗತಿ, ತೊಂಬತ್ತರ ದಶಕದ ಕೊನೆಯದು. ಹರಪನಹಳ್ಳಿಗೂ ಅದೇ ತಾಲ್ಲೂಕಿನ ಅರಸೀಕೆರೆಗೂ ನಡುವೆ ಜನರನ್ನು ತುಂಬಿಕೊಂಡು ಜೀಪು ಓಡಿಸುತ್ತಿದ್ದೆ. ಜೀಪು ನನ್ನ ಹೆಂಡತಿಯ ಅಣ್ಣನದು. ನಾನು ಅವನನ್ನು ಭಾವ ಎನ್ನುತ್ತಿದ್ದೆ. ತಂಗಿಯ ಗಂಡನೆಂದು ಅವನು ನನ್ನೊಡನೆ ಸದಾ ‘ರಿ’ ಹಚ್ಚಿಯೇ ಮಾತಾಡುತ್ತಿದ್ದ. ಅಷ್ಟು ಮರ್ಯಾದೆಯಿಂದ ಚುಚ್ಚುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಟ್ರ್ಯಾಕ್ಟರುಗಳು ಹಳ್ಳಿಯ ದಾರಿಗಳನ್ನೆಲ್ಲ ಹೊಲದ ಸಾಲಿನಂತೆ ಸೀಳಿಬಿಡುತ್ತಿದ್ದವು. ಗಾಲಿ ಆ ಸಾಲಿಗೆ ಇಳಿದರೆ ನಡುವಿನ ದಿಬ್ಬ ಜೀಪಿನ ಹೊಟ್ಟೆಗೆ ಉಜ್ಜುತ್ತಿತ್ತು. ಭಾವ ನನ್ನನ್ನು ಒಂದು ಮಾತೂ ಕೇಳದೆ ಜೀಪನ್ನು ವೆಲ್ಡಿಂಗ್ ಅಂಗಡಿಗೆ ಕೊಂಡೊಯ್ದು ನಾಲ್ಕು ಅಂಗುಲ ಎತ್ತರಿಸಿಕೊಂಡು ಬಂದ. ಅಚ್ಚಿನ ಮೇಲಿನ ಸ್ಪ್ರಿಂಗಿನ ಕಮಾನು ಪಟ್ಟಿಗಳ ಜೊತೆಗೆ ಯಾವುದೋ ಲಾರಿಯ ಹಳೇ ಪಟ್ಟಿಗಳನ್ನು ಸೇರಿಸಿದ್ದರು. ಟೈರುಗಳೂ ದೊಡ್ಡವು. ಹೆಂಗಸರು ಹತ್ತಲಾರದೆ ಒಬ್ಬರ ಸೊಂಟ ಒಬ್ಬರು ನೂಕುತ್ತಿದ್ದರು.

“ಆನಿ ಆತು ನೋಡ್ರಿ ಇದು, ಆನಿ!” ಎಂದು ಭಾವ ಬಾನೆಟ್ ತಟ್ಟಿದ.

ಆನೆ ಎರಡನೇ ದಿನವೇ ತನ್ನ ಗುಣ ತೋರಿಸಿತು. ನಲವತ್ತೈದರ ವೇಗದಲ್ಲಿ ಹೋಗುವಾಗ ಮುಂದಿನ ಗಾಲಿ ಒಂದು ಸಣ್ಣ ತಗ್ಗಿಗೆ ಬಿತ್ತು, ಅಷ್ಟೇ. ಎರಡೂ ಗಾಲಿಗಳು ಎಡಕ್ಕೂ ಬಲಕ್ಕೂ ಬಡಿದುಕೊಳ್ಳತೊಡಗಿದವು. ಸ್ಟೇರಿಂಗು ನನ್ನ ಕೈ ಕಿತ್ತುಕೊಳ್ಳುವಂತೆ ಅದುರಿತು. ಗಟ್ಟಿಯಾಗಿ ಹಿಡಿದಷ್ಟೂ ಹೆಚ್ಚಾಯಿತು. ಬ್ರೇಕ್ ಒತ್ತಿ ವೇಗವನ್ನು ಇಪ್ಪತ್ತಕ್ಕೆ ಇಳಿಸಿದ ಮೇಲೆ ತಣ್ಣಗಾಯಿತು. ಹಿಂದೆ ಕೂತವರಿಗೆ ಗಾಲಿ ಕಾಣುವುದಿಲ್ಲ, ಡ್ರೈವರನ ಕೈ ಕಾಣುತ್ತದೆ. ನನ್ನ ಎರಡು ಕೈ ಮೊಣಕೈವರೆಗೆ ಗಡಗಡ ಅಲುಗುವುದನ್ನು ಹದಿನಾಲ್ಕು ಮಂದಿ ಕಣ್ಣು ಬಿಟ್ಟು ನೋಡಿದರು.

“ಬೆಳಬೆಳಗ್ಗೆ ಹಾಕ್ಕೊಂಡ್ ಬಂದಾನ,” ಎಂದಳು ಒಬ್ಬ ಮುದುಕಿ, ನನಗೆ ಕೇಳಿಸುವಂತೆಯೇ.

ಅಲ್ಲಿಂದ ಶುರುವಾದದ್ದು ಒಂದು ವರ್ಷ ನಡೆಯಿತು. ಆ ಒಂದು ವರ್ಷ ನಾನು ಜನರನ್ನು ದ್ವೇಷಿಸಿದಷ್ಟು ಜೀವಮಾನದಲ್ಲಿ ದ್ವೇಷಿಸಿಲ್ಲ. ಅರಸೀಕೆರೆಯ ಸಂತೆಗೆ ಕೋಳಿ ಒಯ್ಯುವವನಿಂದ ಹಿಡಿದು ಶಾಲೆಯ ಮೇಷ್ಟ್ರ ತನಕ ಎಲ್ಲರೂ ಹತ್ತುವ ಮುಂಚೆ ನನ್ನ ಮುಖದ ಹತ್ತಿರ ಮೂಗು ತಂದು ಮೂಸುತ್ತಿದ್ದರು. ಮೇಷ್ಟ್ರಂತೂ ಇಳಿಯುವಾಗ ಒಂದು ಬುದ್ಧಿಮಾತು ಉದುರಿಸಿಯೇ ಹೋಗುತ್ತಿದ್ದರು. ಆ ಮನುಷ್ಯನ ಮೈಯಿಂದ ಬರುತ್ತಿದ್ದ ನಶ್ಯದ ವಾಸನೆಗೆ ನನಗೆ ತಲೆ ತಿರುಗುತ್ತಿತ್ತು. ನಾನು ಒಂದು ದಿನವಾದರೂ ಹೇಳಿದೆನೇ?

ಊರವರು ಹಾಳಾಗಿ ಹೋಗಲಿ. ನನ್ನ ಹೊಟ್ಟೆಯಲ್ಲಿ ಬೆಂಕಿ ಹಾಕಿದ್ದು ಹೆಂಡತಿ. ಅವಳು ಜಗಳವಾಡಲಿಲ್ಲ. ಸಂಜೆ ನಾನು ಅಂಗಿ ಕಳಚಿ ಕೊಟ್ಟರೆ ಗೂಟಕ್ಕೆ ಹಾಕುವ ಮೊದಲು ನನಗೆ ಬೆನ್ನು ತಿರುಗಿಸಿ ಅದನ್ನು ಮೂಸುತ್ತಿದ್ದಳು. ಡೀಸೆಲ್ ಮತ್ತು ಬೆವರಲ್ಲದೆ ಅದರಲ್ಲಿ ಏನಿತ್ತು? ಆದರೂ ಮೂಸುತ್ತಿದ್ದಳು, ವಾಸನೆ ಇಲ್ಲದಿದ್ದರೆ ಏನೋ ತಿಂದು ಮರೆಮಾಚಿದ್ದಾನೆ ಎಂದುಕೊಳ್ಳುತ್ತಿದ್ದಳು. ಗಾಡಿ ಅದುರುತ್ತದೆ ಎಂದು ಹತ್ತು ಸಲ ಹೇಳಿದೆ.

“ಗಾಡಿ ಕುಡಿತೈತೇನ್ರಿ?” ಎಂದಳು.

ನನಗೆ ಬೇಕಾಗಿದ್ದದ್ದು ಒಂದೇ. ಕುಡಿದಿಲ್ಲ ಎಂದು ನಾನು ಹೇಳಿದರೆ ಅವಳು ನಂಬಬೇಕು. ಅದಕ್ಕಾಗಿ ಆ ಹಾಳು ಜೀಪಿನ ರೋಗ ಹಿಡಿದೇ ತೀರುತ್ತೇನೆಂದು ಹಟ ತೊಟ್ಟೆ.

ಮೊದಲು ಮುಂದಿನ ಟೈರುಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿದೆ. ಅದುರುವುದು ಹೋಗಲಿಲ್ಲ. ಜಾಕ್ ಕೊಟ್ಟು ಎತ್ತಿ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ ನೋಡಿದೆ, ಬೇರಿಂಗ್ ಬಿಗಿಯಾಗಿತ್ತು. ಎಡಗಾಲಿಯನ್ನೂ ಬಲಗಾಲಿಯನ್ನೂ ಕೂಡಿಸುವ ರಾಡಿನ ಕೊನೆಯ ಒಂದು ಜಾಯಿಂಟು ಸವೆದಿತ್ತು, ಅದನ್ನು ಬದಲಿಸಿದೆ. ನಾಲ್ಕು ದಿನ ಸುಮ್ಮನಿದ್ದು ಐದನೇ ದಿನ ಮತ್ತೆ ಶುರು. ಕೊಟ್ಟೂರಿನ ಮೆಕ್ಯಾನಿಕ್ಕನೊಬ್ಬ ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಹಾಕಿ, ಗೋಡೆ ಕಟ್ಟುವ ಗೌಂಡಿಯ ದಾರ ಕಟ್ಟಿ, ಎರಡು ಗಾಲಿಗಳ ಅಂತರವನ್ನು ಮುಂದೆಯೂ ಹಿಂದೆಯೂ ಅಳೆದ. ಅಂಗುಲದ ಎಂಟನೇ ಒಂದು ಪಾಲಿಗೆ ನಮ್ಮಲ್ಲಿ ನೂಲು ಎನ್ನುತ್ತೇವೆ. “ಮುಂದ ಅರ್ಧ ನೂಲು ಒಳಗ ಅದಾವು, ಹಂಗ ಇರಬೇಕು,” ಎಂದ. ಹಾಗಾದರೆ ಅದುರುವುದು ಯಾಕೆ ಎಂದರೆ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ನಿಮ್ಮನ್ನ ಬಿಟ್ಟು ಬ್ಯಾರೆ ಯಾರರೆ ಓಡಸ್ಯಾರೇನ್ರಿ ಇದನ್ನ?”

ನನ್ನ ಕಥೆ ಕೊಟ್ಟೂರಿಗೂ ತಲುಪಿತ್ತು. ಹಗರಿಬೊಮ್ಮನಹಳ್ಳಿಯವನು ಸ್ಟೇರಿಂಗಿನ ಡಬ್ಬಿಯನ್ನು ಬಿಗಿದು ಕಳಿಸಿದ. ಆಮೇಲೆ ಸ್ಟೇರಿಂಗು ತಿರುಗಿಸುವುದು ಬೀಸುವ ಕಲ್ಲು ತಿರುಗಿಸಿದಂತೆ ಆಯಿತು, ಅದುರುವುದು ಮಾತ್ರ ಅಷ್ಟೇ ಇತ್ತು. ಎತ್ತರ ಮಾಡುವಾಗ ಬೆಣೆ ಹಾಕಿದ್ದಾರೆಯೇ ಎಂದು ಇಬ್ಬರೂ ಕೇಳಿದ್ದರು. ಕಮಾನಿಗೂ ಅಚ್ಚಿಗೂ ನಡುವೆ ಒಂದು ತುದಿ ದಪ್ಪ, ಒಂದು ತುದಿ ಸಣ್ಣ ಇರುವ ಕಬ್ಬಿಣದ ತುಂಡು ಕೂರಿಸುತ್ತಾರೆ, ಅದೇ ಬೆಣೆ. ಹಾಕಿದ್ದಾರೆ ಎಂದೆ. ಅದುರುತ್ತದೆ ಎಂದು ಕೇಳಲು ಹೋದಾಗ ವೆಲ್ಡಿಂಗಿನವನು ತಾನೇ ಬೆರಳಿಟ್ಟು ತೋರಿಸಿದ್ದ. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಒಂದು ಶನಿವಾರ ಭಾವ ಮನೆಗೆ ಬಂದು, ತಂಗಿ ಕೊಟ್ಟ ಚಹಾ ಕುಡಿದು, ಲೋಟ ಕೆಳಗಿಟ್ಟು, ಸೋಮವಾರದಿಂದ ಕೂಡ್ಲಿಗಿಯ ಡ್ರೈವರ್ ಬರುತ್ತಾನೆ ಎಂದ.

“ನೀವು ಸ್ವಲ್ಪ ಆರಾಮ ತಗೋರಿ. ಮೈ ಸರಿ ಮಾಡ್ಕೋರಿ.”

ಹೆಂಡತಿ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ನನ್ನ ಪರವಾಗಿ ಒಂದು ಮಾತು ಆಡಲಿಲ್ಲ. ಆ ಗಳಿಗೆಯಲ್ಲಿ ಅಣ್ಣತಂಗಿಯರಿಬ್ಬರ ಮೇಲೂ ನನಗೆ ಬಂದ ಸಿಟ್ಟನ್ನು ಬರೆಯಲು ಹೋದರೆ ಈಗಲೂ ಕೆಟ್ಟ ಮಾತುಗಳೇ ಬರುತ್ತವೆ. ಕೀಲಿ ತೆಗೆದು ಭಾವನ ಮುಂದೆ ಒಗೆದೆ.

“ಸೋಮವಾರ ಯಾಕ್ರಿ? ಇವತ್ತ ತಗೋರಿ. ಇಟ್ಟಿಗಿ ತನಕ ನೀವ ಓಡಸ್ರಿ, ನಾ ಮಗ್ಗಲಕ್ಕ ಕೈ ಕಟ್ಟಿ ಕುಂದರ್ತೀನಿ. ಗಾಡಿ ನಡಗಲಿಲ್ಲಂದ್ರ ಮುಂದ ನಿಮ್ಮ ಗಾಡಿ ಮುಟ್ಟಂಗಿಲ್ಲ.”

ಇಟ್ಟಿಗಿ ಎಂಬ ಊರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಮುದುಕನೊಬ್ಬನಿದ್ದಾನೆ, ಮಾತು ಕಡಿಮೆ, ಕೈ ಚಲೋ ಎಂದು ಕೇಳಿದ್ದೆ. ತಂಗಿಯ ಎದುರಿಗೆ ಇಲ್ಲ ಎನ್ನಲಾಗದೆ ಭಾವ ಹೊರಟ.

ಹರಪನಹಳ್ಳಿ ದಾಟುವ ತನಕ ಅವನು ಮದುವೆಯ ದಿಬ್ಬಣದ ಬಂಡಿ ಹೊಡೆದಂತೆ ನಿಧಾನಕ್ಕೆ ಓಡಿಸಿದ. ನಾನು ಬಿಡಲಿಲ್ಲ. “ಯಾಕ್ರಿ, ಆನಿಗೆ ಕಾಲುನೋವೇನು?” ಎಂದು ಕೆಣಕಿದೆ. ರೋಷಕ್ಕೆ ಆಕ್ಸಿಲರೇಟರ್ ಒತ್ತಿದ. ಐವತ್ತು ಮುಟ್ಟುತ್ತಿದ್ದಂತೆ ಒಂದು ತಗ್ಗು ಸಿಕ್ಕಿತು. ಸ್ಟೇರಿಂಗು ಅವನ ಕೈಯಿಂದ ಜಾರಿ, ಮತ್ತೆ ಹಿಡಿದಾಗ ಹೆಬ್ಬೆರಳಿಗೆ ಬಡಿದು, ಜೀಪು ರಸ್ತೆ ಬಿಟ್ಟು ಜಾಲಿಯ ಪೊದೆಗೆ ಮೂತಿ ತೂರಿಸಿ ನಿಂತಿತು. ಭಾವ ಹೆಬ್ಬೆರಳು ಹಿಡಿದುಕೊಂಡು ಕೂತ. ನಾನು ಅವನ ಮುಖದ ಹತ್ತಿರ ಮುಖ ಒಯ್ದು ಉದ್ದಕ್ಕೆ ಒಂದು ಸಲ ಮೂಸಿದೆ. ನನಗೆ ಅಷ್ಟು ಸುಖ ಕೊಟ್ಟ ಕೆಲಸ ಬೇರೊಂದಿಲ್ಲ.

ಇಟ್ಟಿಗಿಯ ಮುದುಕ ಬೇವಿನ ಗಿಡದ ಕೆಳಗೆ ಪಂಪೊಂದನ್ನು ಬಿಚ್ಚಿಕೊಂಡು ಕೂತಿದ್ದ. ಎಲ್ಲ ಕೇಳಿದ ಮೇಲೆ ಒಂದೇ ಪ್ರಶ್ನೆ ಕೇಳಿದ.

“ತಿರುವಿ ಕೈ ಬಿಟ್ರ ಸ್ಟೇರಿಂಗ್ ತಾನ ವಾಪಸ್ ಬರತೈತೇನು?”

ಬರುತ್ತಿರಲಿಲ್ಲ. ತಿರುವಿದ ಮೇಲೆ ನಾನೇ ಎಳೆದು ನೆಟ್ಟಗೆ ಮಾಡಬೇಕಾಗಿತ್ತು. ಒಂದು ವರ್ಷದಲ್ಲಿ ಗಾಡಿಯ ನಡೆಯ ಬಗ್ಗೆ ಕೇಳಿದವನು ಅವನೊಬ್ಬನೇ, ಉಳಿದವರ ಅನುಮಾನವೆಲ್ಲ ನನ್ನ ನಡೆಯ ಮೇಲೆ. ಅವನು ಗೌಂಡಿಯ ತೂಗುಗುಂಡನ್ನು ಗಾಲಿಯ ಪಕ್ಕ ಇಳಿಬಿಟ್ಟು, ಕೂತು, ಒಂದು ಕಣ್ಣು ಮುಚ್ಚಿ ನೋಡಿದ. ಗಾಲಿ ಎಡಬಲಕ್ಕೆ ತಿರುಗುವ ಕೀಲು ಸೈಕಲ್ಲಿನ ಮುಂದಿನ ಕವಲಿನಂತೆ ತಲೆಯನ್ನು ಹಿಂದಕ್ಕೆ ಒರಗಿಸಿಕೊಂಡಿರಬೇಕು, ಆಗ ಗಾಲಿ ತಾನಾಗಿ ನೆಟ್ಟಗೆ ಓಡುತ್ತದೆ. ನಮ್ಮದು ಮುಂದಕ್ಕೆ ಮುಗ್ಗರಿಸಿತ್ತು. ಮುದುಕ ಕೆಳಗೆ ತೂರಿ ಬೆಣೆಯನ್ನು ಬೆರಳಿನಿಂದ ಮುಟ್ಟಿ ನಕ್ಕುಬಿಟ್ಟ.

“ಯಾರ್ರೀ ಇದನ್ನ ಗುದ್ದಲಿಗೆ ಹೊಡದಂಗ ಹೊಡದಾರ?”

ವೆಲ್ಡಿಂಗಿನವನು ಗುದ್ದಲಿ, ಕುಂಟೆ, ಬಂಡಿ ಮಾಡುತ್ತ ಬೆಳೆದವನು. ಬೆಣೆ ಎಂದರೆ ಸಣ್ಣ ತುದಿ ಮೊದಲು ಒಳಗೆ ಹೋಗಬೇಕು ಎಂಬುದು ಅವನ ಕೈಗೆ ಹುಟ್ಟಿನಿಂದ ಗೊತ್ತು. ಜೀಪಿನ ಮುಂದೆ ಕೂತು, ಸಣ್ಣ ತುದಿಯನ್ನು ಒಳಗೆ ಮಾಡಿ, ಎರಡೂ ಕಡೆ ನೀಟಾಗಿ ತಳ್ಳಿ ಬಿಗಿದಿದ್ದ. ದಪ್ಪ ತುದಿ ಹಿಂದೆ ಇರಬೇಕಾಗಿತ್ತು, ಮುಂದೆ ಬಂದಿತ್ತು. ಎತ್ತರ ಮಾಡಿದಾಗಲೇ ಕೀಲು ಸ್ವಲ್ಪ ಮುಂದೆ ವಾಲಿತ್ತಂತೆ, ಇವನ ಬೆಣೆ ಅದನ್ನು ಇನ್ನಷ್ಟು ಬಗ್ಗಿಸಿತ್ತು. ಮುದುಕ ಬೋಲ್ಟು ಸಡಿಲಿಸಿ ಎರಡೂ ಬೆಣೆಗಳನ್ನು ತಿರುಗಿಸಿ ಕೂರಿಸಿದ. ಊಟದ ಹೊತ್ತಿಗೆ ಕೆಲಸ ಮುಗಿದಿತ್ತು.

ಬರುವಾಗ ನಾನು ಓಡಿಸಿದೆ. ಅರವತ್ತರಲ್ಲಿ ಹುಡುಕಿ ಹುಡುಕಿ ತಗ್ಗುಗಳಿಗೆ ಇಳಿಸಿದೆ. ಸ್ಟೇರಿಂಗು ಎರಡು ಬೆರಳಿನಲ್ಲಿ ನಿಂತಿತು. ಭಾವ ಊದಿದ ಹೆಬ್ಬೆರಳನ್ನು ನೋಡಿಕೊಳ್ಳುತ್ತ ಕೂತಿದ್ದ.

“ಕೂಡ್ಲಿಗಿಯಾಂವಗ ಬರಬ್ಯಾಡ ಅಂತ ಹೇಳ್ತೀನ್ರಿ,” ಎಂದ.

“ಅಂವಗ ಏನರ ಹೇಳ್ರಿ. ನಿಮ್ಮ ತಂಗಿಗೆ ಖರೆ ಏನೈತಿ ಅದನ್ನ ಹೇಳ್ರಿ, ಅಷ್ಟ ಸಾಕು.”

“ಹೇಳ್ತೀನ್ರಿ.”

ಅವತ್ತು ಸಂಜೆ ಅಣ್ಣತಂಗಿ ಅಡುಗೆಮನೆಯಲ್ಲಿ ಬಹಳ ಹೊತ್ತು ಮಾತಾಡಿದರು. ನಾನು ಬೇಕೆಂದೇ ಹೊರಗೆ ಕೂತೆ. ಒಳಗಿನಿಂದ ಬಂದ ಅವಳ ಮುಖ ಅರಳಿತ್ತು. ಒಂದು ವರ್ಷದ ಮೇಲೆ ನನ್ನ ತಟ್ಟೆಗೆ ಕೇಳದೆ ಎರಡನೇ ಸಲ ತುಪ್ಪ ಹಾಕಿದಳು. ಮುಗಿಯಿತು, ನಂಬಿದಳು ಎಂದುಕೊಂಡೆ.

ಮುಂದಿನ ಸೋಮವಾರ ಕೊಟ್ಟೂರಿನ ಸ್ವಾಮಿಯ ಗುಡಿಗೆ ಹೋಗಿಬರೋಣ ಎಂದಳು. ಹೊಸ ಸೀರೆ ಉಟ್ಟು, ಕಾಯಿ ಹೂವಿನ ಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತಳು. ದಾರಿಯಲ್ಲಿ ನನ್ನ ಕೈಗಳನ್ನೇ ನೋಡುತ್ತಿದ್ದಳು.

“ಎಷ್ಟು ನೆಟ್ಟಗ ಅದಾವ್ರಿ ಈಗ,” ಎಂದಳು.

“ಭಾವ ಏನ್ ಹೇಳಿದ?”

“ಇನ್ನ ಚಿಂತಿ ಮಾಡಬ್ಯಾಡವ್ವ, ಕೈ ನಡಗೂದು ನಿಂತೈತಿ, ನಾನ ಕಣ್ಣಾರೆ ನೋಡೀನಿ ಅಂದ. ನೀವು ಬಿಡ್ಲಿ ಅಂತ ವರ್ಷದಿಂದ ಸೋಮವಾರ ಒಂದೊಪ್ಪತ್ತು ಮಾಡಿದ್ದೆ. ಇವತ್ತ ಮುಗಿಸೋಣು.”

ಜೀಪು ನಿಲ್ಲಿಸಿದೆ. ಭಾವ ಒಂದೇ ಒಂದು ಸುಳ್ಳು ಹೇಳಿರಲಿಲ್ಲ, ಅದಕ್ಕೇ ನನ್ನ ಮೈ ಉರಿದುಹೋಯಿತು. ಗಾಡಿ ಕೆಡಿಸಿದವನು ತಾನು ಎಂದು ಒಪ್ಪಿಕೊಳ್ಳುವುದಕ್ಕಿಂತ ನನ್ನನ್ನು ಕುಡುಕನನ್ನಾಗಿಯೇ ಉಳಿಸುವುದು ಆ ಮಾನವಂತನಿಗೆ ಸುಲಭವಾಗಿತ್ತು. ಹೆಂಡತಿಯನ್ನು ಕೆಳಗಿಳಿಸಿ, ಹೊಸ ಸೀರೆಯಲ್ಲೇ ರಸ್ತೆಯಲ್ಲಿ ಕೂರಿಸಿ, ಗಾಲಿಯ ಹಿಂದೆ ಬೆರಳಿಟ್ಟು ಬೆಣೆ ತೋರಿಸಿದೆ. ಸಣ್ಣ ತುದಿ, ದಪ್ಪ ತುದಿ, ಹಿಂದೆ, ಮುಂದೆ, ಎಲ್ಲ ಕಿರುಚಿ ಕಿರುಚಿ ಹೇಳಿದೆ. ನಾಲ್ಕು ವರ್ಷದಿಂದ ನಾನು ಮುಟ್ಟೇ ಇಲ್ಲ ಎಂದೆ. ಅವಳು ಬಗ್ಗಿ ನೋಡಿದಳು.

“ಹೌದ್ರಿ, ಬೆಣಿ,” ಎಂದಳು. ಎದ್ದು ಸೆರಗಿನ ಮಣ್ಣು ಕೊಡವಿಕೊಂಡು ನನ್ನ ತೋಳು ಮುಟ್ಟಿದಳು. “ಹೋಗ್ಲಿ ಬಿಡ್ರಿ, ಹಿಂದಿಂದು ಯಾಕ? ಈಗ ಬಿಟ್ಟೀರಲ್ಲ.”

ಗುಡಿಯಲ್ಲಿ ಕಾಯಿ ಒಡೆಸಿದ ಮೇಲೆ ಅವಳು ನನ್ನ ಕಡೆ ತಿರುಗಿ, ಸ್ವಾಮಿಯ ಮುಂದೆ ಒಂದು ಮಾತು ಹೇಳಿಬಿಡಿ ಎಂದಳು. ವರ್ಷವಿಡೀ ಸೋಮವಾರ ಹಸಿದವಳ ಕಣ್ಣು ತುಂಬಿತ್ತು. ಅವಳ ಮೇಲೆ ನನಗಿದ್ದ ಸಿಟ್ಟು ಒಂದು ಕೂದಲಿನಷ್ಟೂ ಇಳಿದಿರಲಿಲ್ಲ. ಆದರೂ ಕೈ ಮುಗಿದೆ.

“ಇವತ್ತಿಂದ ಬಿಟ್ಟೀನಿ,” ಎಂದೆ.

ಅವಳು ಅತ್ತಳು. ನಾನು ಕುಡಿಯುವುದನ್ನು ಯಾವಾಗ ಬಿಟ್ಟೆ ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಇವತ್ತಿಗೂ ಆ ಸೋಮವಾರವನ್ನೇ ಹೇಳುತ್ತಾರೆ. ಅದಕ್ಕೆ ಮುಂಚಿನ ನಾಲ್ಕು ವರ್ಷ ಗೊತ್ತಿರುವುದು ನನಗೊಬ್ಬನಿಗೆ.