ನೀಲಿ ಹೊಗೆಯ ಗುರುತು

ಅಪಾಮ್ ಊರಿನ ಕಡಲದಂಡೆಯಲ್ಲಿ ಅವನನ್ನು ಬರೀ ಫೀಫಿ ಎಂದು ಯಾರೂ ಕರೆಯುತ್ತಿರಲಿಲ್ಲ. ‘ಒಲೆ ಫೀಫಿ’ ಎಂದೇ ಹೆಸರು. ದೋಣಿಯ ಯಜಮಾನ ಬೋಸನ್ ಓಟುವಿನ ಬಳಿ ಅವನು ಮೋಟಾರಿನವನು. ಹಿಂಬದಿಯಲ್ಲಿ ಕೂತು ನಲವತ್ತು ಕುದುರೆಶಕ್ತಿಯ ಮೋಟಾರು ನಡೆಸುವುದು, ದಡ ಸೇರಿದ ಮೇಲೆ ಅದನ್ನು ಕಳಚಿ ಹೆಗಲ ಮೇಲೆ ಹೊತ್ತು ಬೋಸನ್ನನ ಮನೆ ಮುಟ್ಟಿಸುವುದು ಅವನ ಕೂಲಿ. ಕುದುರೆ ನಲವತ್ತಾದರೂ ಹೊರುವ ಕತ್ತೆ ಒಂದೇ ಎಂದು ಅವನೇ ತನ್ನನ್ನು ಹಂಗಿಸಿಕೊಳ್ಳುತ್ತಿದ್ದ.

ದೋಣಿಯವರಿಗೆಂದೇ ಪಂಪಿನಲ್ಲಿ ಕೊಡುವ ಪೆಟ್ರೋಲಿಗೆ ಎಣ್ಣೆ ಮೊದಲೇ ಬೆರೆತಿರುತ್ತದೆ. ಅಷ್ಟೇ ಸಾಕು. ಆದರೆ ಪಂಪಿನವರು ಬೆರೆಸಿದ್ದನ್ನು ನಂಬುವ ಮೋಟಾರಿನವನು ಆ ದಂಡೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಎಲ್ಲರೂ ಮೇಲೊಂದಿಷ್ಟು ಎಣ್ಣೆ ಸುರಿಯುವವರೇ. ಫೀಫಿ ಮಾತ್ರ ಖಾಲಿ ಹಾಲಿನ ಡಬ್ಬಿಯ ಕಂಠಮಟ್ಟ ಸುರಿಯುತ್ತಿದ್ದ. ಹಾಗಾಗಿ ಅವನ ಮೋಟಾರು ಕೆಮ್ಮುತ್ತಾ, ದಪ್ಪ ನೀಲಿ ಹೊಗೆಯ ಬಾಲ ಎಳೆದುಕೊಂಡು ಬರುತ್ತಿತ್ತು.

“ಏನೋ, ಮೀನು ಹಿಡಿಯೋಕೆ ಹೊರಟಿದ್ದೀವೋ, ಸಮುದ್ರಕ್ಕೆ ಸಾಂಬ್ರಾಣಿ ಹಾಕೋಕೋ?” ಎಂದು ಬೋಸನ್ ದಿನಾ ಕೇಳುತ್ತಿದ್ದ.

ದಿಬ್ಬದ ಮೇಲೆ ಮಣ್ಣಿನ ದುಂಡು ಒಲೆಯಲ್ಲಿ ಮೀನು ಹೊಗೆಗಿಡುವ ಅರಾಬಾಳಿಗೆ ಮಾತ್ರ ಆ ಹೊಗೆಯಿಂದ ಉಪಯೋಗವಿತ್ತು. ಸಂಜೆ ಬಿಸಿಲಿನ ಹೊಳಪಿಗೆ ಅಲ್ಲಿಂದ ಎಲ್ಲ ದೋಣಿಗಳೂ ಕಪ್ಪು ಕಡ್ಡಿಗಳಂತೆ ಕಾಣುತ್ತವೆ. ಬಣ್ಣವೂ ತಿಳಿಯದು, ಬಾವುಟವೂ ತಿಳಿಯದು. ನೀಲಿ ಬಾಲ ಕಂಡದ್ದೇ ಅವಳು ಬೋಗುಣಿ ಎತ್ತಿಕೊಂಡು ಇಳಿಯುತ್ತಿದ್ದಳು. ಉಳಿದ ಹೆಂಗಸರು ಏಳುವಷ್ಟರಲ್ಲಿ ಸೊಂಟಮಟ್ಟ ನೀರಲ್ಲಿ ನಿಂತು, “ನನ್ನ ಒಲೆಗೆ ಸೌದೆ ಯಾಕೆ? ನಿನ್ನ ಮೋಟಾರು ತಂದಿಟ್ರೆ ಸಾಕು” ಎನ್ನುತ್ತಿದ್ದಳು. ಫೀಫಿ ಹಲ್ಲು ಕಿರಿಯುತ್ತಿದ್ದ. ಎರಡು ಹಂಗಾಮು ಹೀಗೇ ಕಿರಿದ. ಹೇಳಬೇಕಾದ ಮಾತು ಪ್ರತಿ ಸಂಜೆ ಬಾಯಿಗೆ ಬಂದು, ಮೋಟಾರು ಹೆಗಲೇರಿದ ಕೂಡಲೇ ಉಸಿರಿನ ಜೊತೆ ಒಳಗೇ ಉಳಿಯುತ್ತಿತ್ತು.

ಒಂದು ಸೋಮವಾರ ಅವಳು ಹಂಗಿಸಲಿಲ್ಲ. “ಗಡಿಯಾಚೆ ಅಬಿಜಾನಿನಿಂದ ಚಿಕ್ಕಮ್ಮ ಹೇಳಿಕಳಿಸಿದಾಳೆ. ಅಲ್ಲೇ ಒಲೆ ಹಾಕ್ತೀವಿ. ಬುಧವಾರ ಸಂಜೆ ಲಾರಿ,” ಎಂದಳು. ಬೋಗುಣಿ ತಲೆಗೇರಿಸಿ, ಬೆನ್ನು ತಿರುಗಿಸಿಕೊಂಡೇ ಸೇರಿಸಿದಳು: “ನಿನ್ನ ಹೊಗೆ ಕಂಡ್ರೆ ಇಳಿದು ಬರ್ತೀನಿ. ಹೇಳೋದೇನಾದ್ರೂ ಇದ್ರೆ ಅವಾಗ ಹೇಳು.”

ಮಂಗಳವಾರ ಕಡಲಿಗೆ ರಜೆ. ಅವತ್ತು ಯಾರೂ ಬಲೆ ಇಳಿಸುವ ಹಾಗಿಲ್ಲ. ಫೀಫಿಗೆ ಇದ್ದದ್ದು ಒಂದೇ ಚಿಂತೆ: ಬುಧವಾರ ಲಾರಿಗಿಂತ ಮೊದಲು ದಡ ಮುಟ್ಟಬೇಕು. ಲಾರಿ ನಿಲ್ದಾಣದಲ್ಲಿ ಒಬ್ಬ ಕೆಂಪು ಸೀಸೆ ಮಾರುತ್ತಿದ್ದ.

“ಪೆಟ್ರೋಲಿಗೆ ಒಂದು ಮುಚ್ಚಳ ಹಾಕು ತಮ್ಮಾ, ಮೋಟಾರಿನ ಹೊಟ್ಟೆಯೊಳಗಿನ ಮಸಿ ಪೂರಾ ತೊಳೆದುಬಿಡುತ್ತೆ. ಆಮೇಲೆ ಅದು ಓಡಲ್ಲ, ಹಾರುತ್ತೆ. ಆದ್ರೆ ಮೇಲಿಂದ ಎಣ್ಣೆ ಸುರಿಬೇಡ. ಸುರಿದ್ರೆ ಸ್ನಾನ ಮಾಡಿ ಬೂದೀಲಿ ಹೊರಳಿದ ಹಾಗೆ.”

ಜನ್ಮದಲ್ಲಿ ಮೊದಲ ಬಾರಿ ಫೀಫಿ ಒಬ್ಬರ ಮಾತು ಕೇಳಿದ. ಸೀಸೆ ಕೊಂಡು ಪೆಟ್ರೋಲಿಗೆ ಒಂದು ಮುಚ್ಚಳ ಬೆರೆಸಿ, ಮೋಟಾರನ್ನು ನೀರಿನ ಪೀಪಾಯಿಗೆ ಇಳಿಬಿಟ್ಟು ದಿನವಿಡೀ ಓಡಿಸಿದ. ಅದು ಮೊದಲು ಕಪ್ಪಗೆ ಕಕ್ಕಿತು, ಆಮೇಲೆ ಬೂದಿಬಣ್ಣಕ್ಕೆ ತಿರುಗಿತು, ಸಂಜೆಗೆ ತಣ್ಣಗೆ ಗುನುಗತೊಡಗಿತು. ಪ್ಲಗ್ಗು ಬಿಚ್ಚಿ ನೋಡಿದರೆ ಹೊಸದರ ಹಾಗಿತ್ತು. ಹಾಲಿನ ಡಬ್ಬಿಯನ್ನು ಅವನು ಮೂಲೆಗೆಸೆದ.

ಬುಧವಾರ ದೋಣಿ ನಿಜಕ್ಕೂ ಹಾರಿತು. ಬಲೆ ಬೇಗ ತುಂಬಿತು. ಬೋಸನ್ ಎರಡು ಸಲ ಹಿಂತಿರುಗಿ ನೋಡಿ, “ಮೋಟಾರು ಇದೆಯೋ, ಬಿದ್ದುಹೋಯ್ತೋ? ಸದ್ದೇ ಇಲ್ಲವಲ್ಲೋ!” ಎಂದ. ಎಲ್ಲರಿಗಿಂತ ಮುಂದೆ ಅವರ ದೋಣಿ ಊರ ಕಡೆ ತಿರುಗಿತು. ಫೀಫಿ ಹೇಳಬೇಕಾದ ಮಾತನ್ನು ತುಟಿಯಲ್ಲೇ ತಿರುವಿ ಹಾಕುತ್ತಿದ್ದ.

ದಿಬ್ಬದ ಮೇಲೆ ಹಳದಿ ತಲೆವಸ್ತ್ರ ಕಂಡಿತು. ಅರಾಬಾ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಅವನು ಕೈ ಬೀಸಿದ. ಅವಳು ನೋಡುತ್ತಿದ್ದುದು ಅವನನ್ನಲ್ಲ; ಅವನ ತಲೆಯ ಮೇಲಿಂದ, ದೂರದ ಖಾಲಿ ಕಡಲನ್ನು. ಮತ್ತೆ ಬೀಸಿದ, ಕೂಗಿದ. ದಡಕ್ಕೆ ಬರುವ ದೋಣಿಯವರೆಲ್ಲ ಕೈ ಬೀಸುವವರೇ, ಕೂಗುವವರೇ. ಆಗ ತಿರುಗಿ ನೋಡಿದ. ಹಿಂದೆ ನೀರಿತ್ತು, ಬಿಸಿಲಿತ್ತು. ಹೊಗೆಯ ಒಂದು ಎಳೆಯೂ ಇರಲಿಲ್ಲ.

ಲಾರಿಯ ಹಾರ್ನು ಕೇಳಿದಾಗ ದೋಣಿ ಇನ್ನೂ ಅಲೆಗಳ ನಡುವೆ ಇತ್ತು. ಹಳದಿ ಬಟ್ಟೆ ಕರಗಿಹೋಯಿತು. ಅವನು ಮೋಟಾರನ್ನು ಬೋಸನ್ನನ ಕೈಗೇ ತುರುಕಿ ದಿಬ್ಬ ಹತ್ತಿದ. ಒಲೆ ಇನ್ನೂ ಬೆಚ್ಚಗಿತ್ತು. ಪಕ್ಕದ ಒಲೆಯ ಮುದುಕಿ ಎಫುವಾ ತಲೆಯೆತ್ತಲಿಲ್ಲ.

“ಕಾದ್ಲು ಕಣೋ, ಲಾರಿಯವನ ಹತ್ರ ಬೈಸಿಕೊಂಡು ಕಾದ್ಲು. ‘ಇವತ್ತೇ ಬರ್ಲಿಲ್ಲ ಅಂದ್ರೆ ಹೇಳೋದೇನೂ ಇಲ್ಲ ಅಂತಾಯ್ತು’ ಅಂದು ಹತ್ತಿದ್ಲು.”

“ಬಂದಿದ್ನಲ್ಲಜ್ಜಿ! ಎಲ್ಲರಿಗಿಂತ ಮುಂಚೆ ಬಂದೆ!”

“ಹೊಗೆ ಇಲ್ದೆ ಬಂದ್ರೆ ನೀನು ಅಂತ ಯಾರಿಗಪ್ಪಾ ಗೊತ್ತಾಗುತ್ತೆ?”

ಆಮೇಲಿನ ದಿನಗಳಲ್ಲಿ ಬೋಸನ್ ಕೆಂಪು ಸೀಸೆಯನ್ನು ಊರೆಲ್ಲ ಹೊಗಳಿದ. ಒಬ್ಬೊಬ್ಬರಾಗಿ ಎಲ್ಲರೂ ಕೊಂಡರು. ಸಂಜೆ ಕಡಲು ತೊಳೆದಿಟ್ಟ ಹಾಗೆ ಕಾಣುತ್ತಿತ್ತು, ಫೀಫಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಹಾದಿಯಲ್ಲಿ ಯಾರದೋ ಹಳೇ ಬೈಕು ಹೊಗೆಯುಗುಳಿ ಹೋದರೆ, ಅದರ ಹಿಂದೆ ನಾಲ್ಕು ಹೆಜ್ಜೆ ನಡೆದು ಮೂಸುತ್ತಿದ್ದ. ಕಂಡವರು ನಕ್ಕರೆ ತಾನೂ ನಗುತ್ತಿದ್ದ.

ಮಳೆ ನಿಂತ ಮೇಲೆ ಎಫುವಾ ಅಬಿಜಾನಿಗೆ ಹೋಗಿ ಬಂದಳು. ಫೀಫಿ ಅವಳ ಒಲೆಯ ಸುತ್ತ ಸುಮ್ಮನೆ ಸುಳಿದಾಡಿದ.

“ಕೇಳಬಾರದೇನೋ? ಚೆನ್ನಾಗೇ ಇದಾಳೆ,” ಎಂದಳು ಮುದುಕಿ. “ಆದ್ರೆ ಒಂದು ಹುಚ್ಚು. ಅಲ್ಲಿ ಯಾವನ ಮೋಟಾರಾದ್ರೂ ಹೊಗೆ ಬಿಟ್ರೆ ಬೋಗುಣಿ ಎತ್ತಿಕೊಂಡು ಎದ್ದು ನಿಲ್ತಾಳೆ. ಹತ್ರ ಬಂದ ಮೇಲೆ ಮತ್ತೆ ಕೂರ್ತಾಳೆ.”

ಹಂಗಾಮಿಗೆ ಪಶ್ಚಿಮಕ್ಕೆ, ಅಬಿಜಾನ್ ದಂಡೆಗೆ, ಹೊರಡುವ ದೋಣಿಯೊಂದಕ್ಕೆ ಮೋಟಾರಿನವನು ಬೇಕಿತ್ತು. ಫೀಫಿ ಹೇಳಲು ಹೋದಾಗ ಬೋಸನ್ ಬಲೆಯ ಗಂಟೊಂದನ್ನು ಎಳೆದು ಬಿಗಿದ.

“ಹೋಗು. ಆದ್ರೆ ಆ ಸೀಸೆ ಮರೀಬೇಡ.”

“ಮರೆಯಲ್ಲ ಬೋಸನ್,” ಎಂದು ಫೀಫಿ ಸುಳ್ಳು ಹೇಳಿದ. ಬಟ್ಟೆಗಂಟಿನೊಳಗೆ ಅವನು ಕಟ್ಟಿಕೊಂಡದ್ದು, ಮೂಲೆಯಿಂದ ಹುಡುಕಿ ತೆಗೆದು ತುಕ್ಕು ಉಜ್ಜಿದ ಹಾಲಿನ ಡಬ್ಬಿ.