ಕರೆದರೆ ಏಳುವ ಲಲಿತಾ ಮೇಡಂ

ಊಟವಾದ ಮೇಲೆ ಲಲಿತಾ ಮೇಡಂ ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದರು. ಸುಳ್ಯದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಅವರೇ ಯಜಮಾನಿ. ಪಕ್ಕದಲ್ಲಿ ಬೆಂಚು ಬಿದ್ದರೂ ಏಳುವವರಲ್ಲ, ಯಾರಾದರೂ ಮೆಲ್ಲಗೆ ‘ಮೇಡಂ’ ಎಂದರೆ ಸಾಕು, ನಿದ್ದೆಯೇ ಮಾಡದವರ ಹಾಗೆ ಕಣ್ಣು ತೆರೆದು, “ಹೇಳು, ಎಂತ ಆಯ್ತು?” ಎನ್ನುತ್ತಿದ್ದರು.

ಲ್ಯಾಬಿನ ಹಳೆಯ ಸರ್ವರ್ ಯಂತ್ರವನ್ನೂ ಹಾಗೆಯೇ ಪಳಗಿಸಿದ್ದರು. ಫೈಲ್ ಕಳುಹಿಸುವ ಸೇವೆ, ಪ್ರಿಂಟಿನ ಸೇವೆ ಎಲ್ಲವೂ ಮಲಗಿರುತ್ತಿದ್ದವು. ಒಂದು ಪುಟ್ಟ ಪ್ರೋಗ್ರಾಂ ಮಾತ್ರ ಬಾಗಿಲು ಕಾಯುತ್ತಿತ್ತು. ಯಾರಾದರೂ ಬಂದರೆ ಬೇಕಾದ ಸೇವೆಯನ್ನು ಎಬ್ಬಿಸುವುದು ಅದರ ಕೆಲಸ. ಕೆಲಸ ಮುಗಿದೊಡನೆ ಆ ಸೇವೆ ಮತ್ತೆ ಮಲಗುತ್ತಿತ್ತು. “ದಿನಕ್ಕೆ ಎರಡು ಸಲ ಬರುವ ನೆಂಟರಿಗೆ ಹತ್ತು ಜನ ಬಾಗಿಲಲ್ಲಿ ನಿಲ್ಲುದು ಎಂತಕ್ಕೆ ಮಾರಾಯ? ಮೆಮೊರಿ ಮರದಲ್ಲಿ ಬೆಳೆಯುದಾ?” ಎನ್ನುವರು.

ಹೊಸದಾಗಿ ಸೇರಿದ್ದ ನನಗೆ ಇದು ವೇದವಾಕ್ಯವಾಯಿತು. ಅವರನ್ನು ಮೆಚ್ಚಿಸುವ ಹುಮ್ಮಸ್ಸಿನಲ್ಲಿ, ಪರೀಕ್ಷೆಯ ಉತ್ತರ ಸ್ವೀಕರಿಸುವ ಸೇವೆಯನ್ನೂ ಅವರಿಗೆ ಹೇಳದೆ ಮಲಗಿಸಿಬಿಟ್ಟೆ.

ಪರೀಕ್ಷೆಯ ದಿನ, ಸಮಯ ಮುಗಿಯಲು ಐದೇ ನಿಮಿಷವಿತ್ತು. ಅರವತ್ತು ಮಕ್ಕಳು ಒಟ್ಟಿಗೆ ‘ಸಲ್ಲಿಸು’ ಒತ್ತಿದರು. ಒಂದೊಂದು ಕ್ಲಿಕ್ಕಿಗೂ ಆ ಸೇವೆ ಹೊಸದಾಗಿ ಎದ್ದು, ಮುಖ ತೊಳೆದು ಬರಬೇಕು. ಸರ್ವರ್ ಯಂತ್ರಕ್ಕೆ ಏದುಸಿರು ಬಂತು, ಪರದೆಗಳು ಇದ್ದಲ್ಲೇ ನಿಂತವು. ಉತ್ತರ ಹೋಗದಿದ್ದರೆ ಅಷ್ಟೂ ಮಕ್ಕಳು ಮತ್ತೆ ಪರೀಕ್ಷೆ ಬರೆಯಬೇಕು. ಅವರ ಕುರ್ಚಿಯ ಬಳಿಗೆ ಓಡಿದೆ. “ಮೇಡಂ” ಎಂದೆ.

ಬಂದು ನೋಡಿದರು. ಬೈಯಲಿಲ್ಲ, ಹೊಟ್ಟೆ ಹಿಡಿದು ನಕ್ಕರು. “ಪಂಕ್ತಿ ಕೂತ ಮೇಲೆ ಒಂದೊಂದು ಎಲೆಗೂ ಹೊಸ ಒಲೆ ಹಚ್ಚುದಾ? ಮದುವೆ ದಿನ ಅಡಿಗೆಯವ ಎಚ್ಚರ ಇರ್ಬೇಕು ಮಾರಾಯ!” ಪ್ರೋಗ್ರಾಮಿನ ನಾಲ್ಕು ಸಾಲು ಬದಲಿಸಿ, ಆ ಸೇವೆ ಸದಾ ಎದ್ದೇ ಇರುವಂತೆ ಮಾಡಿದರು. “ಹತ್ತು ನಿಮಿಷ ಹೆಚ್ಚು ಕೊಡ್ತೇನೆ ಮಕ್ಕಳೇ, ಈಗ ಒತ್ತಿ.” ಅರವತ್ತೂ ಉತ್ತರಗಳು ಸರಸರ ಬಂದವು. ತಪ್ಪು ಯಾರದೆಂದು ಮೇಡಂ ಯಾರಿಗೂ ಹೇಳಲಿಲ್ಲ. ಅಂದೇ ನಾನು ಅವರ ಭಕ್ತನಾದೆ.

ಈ ವರ್ಷ ಮೇಡಂ ನಿವೃತ್ತರಾಗಿ ಕೋಡಿಂಬಾಳದ ತಂಗಿಯ ಮನೆಗೆ ಹೋದರು. ಹೊರಡುವಾಗ, “ಎಂತಾದ್ರೂ ಕೆಟ್ಟರೆ ಕರಿ, ಏಳ್ತೇನೆ. ಸುಮ್ಮನೆ ಎಬ್ಬಿಸ್ಬೇಡ” ಎಂದಿದ್ದರು. ಏನೂ ಕೆಡಲಿಲ್ಲ, ನಾನೂ ಕರೆಯಲಿಲ್ಲ. ಆದರೆ ಆ ಖಾಲಿ ಕುರ್ಚಿಯನ್ನು ದಿನಾ ನೋಡುವುದು ಕಷ್ಟವಾಗಿತ್ತು. ಮೊನ್ನೆ ಊಟವಾದ ಮೇಲೆ ತಡೆಯಲಾರದೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

“ಹೇಳು, ಎಂತ ಕೆಟ್ಟಿತು?”

“ಏನೂ ಇಲ್ಲ ಮೇಡಂ. ಸುಮ್ಮನೆ ಕರೆದೆ.”

ಫೋನಿನಲ್ಲಿ ಅದೇ ನಗು.

“ನೀನು ಕರೀತೀಯ ಅಂತ ಮೂರು ತಿಂಗಳಿಂದ ಮಧ್ಯಾಹ್ನದ ನಿದ್ದೆ ಬಿಟ್ಟು ಕೂತಿದ್ದೇನೆ ಮಾರಾಯ! ಈಗ ಕರೆಯುದಾ?”