ಸೀಟಿನ ಮೇಲಿನ ಕೊಡೆ

ನಮ್ಮ ಫ್ಲ್ಯಾಟಿನ ಬಾಲ್ಕನಿಯಿಂದ ನೇತ್ರಾವತಿ ಕಾಣುತ್ತದೆ. ಪೂರ್ತಿಯಲ್ಲ, ಎದುರಿನ ಎರಡು ಕಟ್ಟಡಗಳ ನಡುವೆ ಒಂದು ಸೀರೆಯ ಅಗಲದಷ್ಟು. ಮಂಗಳೂರಿನಲ್ಲಿ ಮನೆ ಕೊಳ್ಳುವ ತಾಕತ್ತು ಇಲ್ಲದ ನಮ್ಮಂಥವರಿಗಾಗಿಯೇ ಬಂಟ್ವಾಳದ ಬಿ.ಸಿ.ರೋಡ್ ಇರುವುದು. ಫ್ಲ್ಯಾಟ್ ತೋರಿಸಿದ ದಲ್ಲಾಳಿ, "ಇಲ್ಲಿ ಬಸ್ಸು ಹತ್ತಿದರೆ ಸೀದಾ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್. ಅರ್ಧ ಗಂಟೆ ಸಾಕು" ಎಂದಿದ್ದ. ಅವನು ಯಾವ ಕಾಲದಲ್ಲಿ ಬಸ್ಸು ಹತ್ತಿದ್ದನೋ ದೇವರಿಗೇ ಗೊತ್ತು. ಬೆಳಿಗ್ಗೆ ಒಂದು ಗಂಟೆ, ಸಂಜೆ ಅದಕ್ಕಿಂತಲೂ ಹೆಚ್ಚು. ಸ್ಟೇಟ್‌ಬ್ಯಾಂಕಿನಲ್ಲಿ ಇಳಿದು ಇಳಿಜಾರಿನಲ್ಲಿ ನಡೆದರೆ ಹಳೇ ಬಂದರು. ಸಮುದ್ರದಾಚೆಯ ದ್ವೀಪಗಳಿಗೆ ಅಕ್ಕಿ, ಸಿಮೆಂಟು, ತರಕಾರಿ ಒಯ್ಯುವ ಮಂಜಿ ದೋಣಿಗಳಿಗೆ ಸಾಮಾನು ಬುಕ್ ಮಾಡುವ ಸಣ್ಣ ಆಫೀಸೊಂದರಲ್ಲಿ ನಾನು ಗುಮಾಸ್ತೆ.

ನಮ್ಮ ಬಸ್ಸಿಗೆ ಅದರದ್ದೇ ಒಂದು ಕಾನೂನು ಇದೆ. ಬಂಟ್ವಾಳ ಪೇಟೆಯಿಂದ ಹೊರಡುವ ಬಸ್ಸು ಬಿ.ಸಿ.ರೋಡಿಗೆ ಬರುವಷ್ಟರಲ್ಲೇ ತುಂಬಿಬಿಡುತ್ತದೆ. ಪೇಟೆಯಲ್ಲಿ ಹತ್ತಿದವರು ಮುಂದಿನ ಸ್ಟಾಪಿನ ತಮ್ಮವರಿಗಾಗಿ ಪಕ್ಕದ ಸೀಟಿನ ಮೇಲೆ ಕರ್ಚೀಫೋ ಕೊಡೆಯೋ ಇಟ್ಟರೆ ಆ ಸೀಟು ರಿಜಿಸ್ಟ್ರಿ ಆದ ಹಾಗೆ. ನಿಂತವರು ಗೊಣಗಬಹುದು, ಆದರೆ ಕೊಡೆ ಎತ್ತುವ ಹಾಗಿಲ್ಲ. ಇದಕ್ಕೊಂದು ಶರ್ತವೂ ಇದೆ. ಯಾರ ಹೆಸರಿನಲ್ಲಿ ಕೊಡೆ ಇಟ್ಟದ್ದೋ ಅವರು ಬರಬೇಕು. ನಾಳೆ ಬರುವುದಿಲ್ಲವಾದರೆ ಇವತ್ತೇ ಹೇಳಬೇಕು. ಹೇಳದೆ ಕೈಕೊಟ್ಟರೆ ಮರ್ಯಾದೆ ಹೋಗುವುದು ಬಾರದವರದ್ದಲ್ಲ, ಕೊಡೆ ಇಟ್ಟವರದ್ದು.

ನನಗಾಗಿ ಆರು ವರ್ಷ ಕೊಡೆ ಇಟ್ಟ ಹೆಂಗಸಿಗೆ ಈಗ ಅರುವತ್ತರ ಹತ್ತಿರ. ಬಂದರಿನ ಗೋದಾಮಿನಲ್ಲಿ ಅಡಿಕೆ ಆರಿಸುವ ಕೆಲಸ ಅವರದ್ದು. ದಿನವಿಡೀ ನೆಲದಲ್ಲಿ ಕೂತು ಒಳ್ಳೆಯದು, ಒಡಕು, ಹಾಳು ಎಂದು ಬೇರೆ ಬೇರೆ ರಾಶಿ ಮಾಡುವುದು. ಕೂತೂ ಕೂತೂ ಬಲಗಾಲಿನ ಗಂಟು ಕೆಟ್ಟಿದೆ. ನಾನು ಹೊಸದಾಗಿ ಬಂದ ತಿಂಗಳಲ್ಲಿ ಒಂದು ಸಂಜೆ ಅವರು ನಿಂತಿದ್ದರು, ನಾನು ಕೂತಿದ್ದೆ. ಅವರ ಚೀಲವನ್ನು ತೆಗೆದು ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಇಲ್ಲಿ ಅದು ಎಲ್ಲರೂ ಎಲ್ಲರಿಗೂ ಮಾಡುವ ಉಪಕಾರ, ದೊಡ್ಡದೇನಲ್ಲ. ಅಷ್ಟಕ್ಕೇ ಮರುದಿನ ಬೆಳಿಗ್ಗೆ ನಾನು ಬಸ್ಸು ಹತ್ತುವಾಗ, "ಟೀಚರ್, ಇಲ್ಲಿ!" ಎಂಬ ಕೂಗು. ನೋಡಿದರೆ ಸೀಟಿನ ಮೇಲೆ ಅವರ ಕರಿಕೊಡೆ.

ನಾನು ಟೀಚರ್ ಅಲ್ಲ ಎಂದು ಎಷ್ಟು ಸಲ ಹೇಳಿದರೂ ಅವರು ಕೇಳಲಿಲ್ಲ. "ಬ್ಯಾಗ್ ಉಂಟು, ಕನ್ನಡಕ ಉಂಟು. ಟೀಚರ್ ಆಗಲಿಕ್ಕೆ ಮತ್ತೆಂಥ ಬೇಕು?" ಎನ್ನುತ್ತಿದ್ದರು. ಗೋದಾಮಿನಲ್ಲಿ ತನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ, ಮನೆಯಲ್ಲಿ ಎಲ್ಲ ಸೊಸೆಯ ಕಾರುಬಾರು ಎಂದು ಅವರೇ ನಗುತ್ತಾ ಹೇಳಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಮಾತ್ರ ಹಾಗಲ್ಲ. "ಜನ ಬರಲಿಕ್ಕುಂಟು" ಎಂದು ಅವರೊಮ್ಮೆ ಹೇಳಿದರೆ ಕಂಡಕ್ಟರನೂ ತುಟಿ ಬಿಚ್ಚುತ್ತಿರಲಿಲ್ಲ. ಅವರು ಹೇಳಿದ ಮೇಲೆ ಜನ ಬಂದೇ ಬರುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಆ ಜನ ನಾನು.

ಕಳೆದ ವರ್ಷ ನಮ್ಮ ಮೇಲಿನ ಮಹಡಿಗೆ ಬ್ಯಾಂಕಿನ ಆಫೀಸರಮ್ಮ ಒಬ್ಬರು ಬಂದರು. ನನ್ನದೇ ಪ್ರಾಯ. ದಿನಾ ಮಂಗಳೂರಿನ ಹಂಪನಕಟ್ಟೆಗೆ ಒಬ್ಬರೇ ಕಾರಿನಲ್ಲಿ ಹೋಗುತ್ತಿದ್ದರು. ಲಿಫ್ಟಿನಲ್ಲಿ ಪರಿಚಯವಾಯಿತು. "ಒಟ್ಟಿಗೆ ಹೋಗುವ, ನನಗೂ ಮಾತಿಗೆ ಜನ ಆಯ್ತು" ಎಂದರು. ಸೋಮವಾರದಿಂದ ಎಂದು ನಿಶ್ಚಯವಾಯಿತು.

ಶನಿವಾರ ಸಂಜೆ ಬಸ್ಸಿನಲ್ಲಿ ಆ ಅಕ್ಕನ ಪಕ್ಕದಲ್ಲೇ ಕೂತಿದ್ದೆ. ಹೇಳಲಿಕ್ಕೆ ಒಂದು ಗಂಟೆ ಸಮಯವಿತ್ತು. ಅಡ್ಯಾರು ಹೋಯಿತು, ಫರಂಗಿಪೇಟೆ ಹೋಯಿತು, ತುಂಬೆಯೂ ಹೋಯಿತು. ನಾನು ಹೇಳಲಿಲ್ಲ. ಹೇಳಿದರೆ ಜಂಬ ಕೊಚ್ಚಿಕೊಂಡ ಹಾಗಾಗುತ್ತದೆ ಎಂದು ನನಗೆ ನಾನೇ ಸಬೂಬು ಕೊಟ್ಟುಕೊಂಡೆ. ನಿಜವಾದ ಕಾರಣ ಬೇರೆ. ಆ ಕಾರಿನ ಹಿಂದಿನ ಸೀಟು ಖಾಲಿ ಇತ್ತು. "ನನಗೂ ಜಾಗ ಉಂಟಾ?" ಎಂದು ಅವರು ಕೇಳಿಬಿಟ್ಟರೆ? ಅಡಿಕೆಯ ಧೂಳಿನ ಸೀರೆ, ವೀಳ್ಯದ ಬಾಯಿ, ಆಫೀಸರಮ್ಮನ ಬಿಳಿ ಸೀಟು ಕವರು. ಇದನ್ನು ಬರೆಯುವಾಗ ನನಗೇ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ. "ಸೋಮವಾರ ಕಾಣುವ ಟೀಚರ್" ಎಂದರು ಅವರು. "ಆಯ್ತಕ್ಕ" ಎಂದು ಇಳಿದೆ.

ಕಾರು ಸುಖವಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಸೀರೆಯ ನೆರಿಗೆ ಬಂದರು ಮುಟ್ಟಿದರೂ ಮುರಿಯುತ್ತಿರಲಿಲ್ಲ. ಒಂದೆರಡು ದಿನ ಬಿಟ್ಟು ನಾನಿಲ್ಲವೆಂದು ಅಕ್ಕನಿಗೇ ತಿಳಿಯುತ್ತದೆ, ಬೇರೆ ಯಾರಿಗಾದರೂ ಸೀಟು ಹಿಡಿಯುತ್ತಾರೆ ಎಂದುಕೊಂಡೆ. ಬಂದರಿನಲ್ಲಿ ಅವರ ಗೋದಾಮಿನ ಓಣಿಯನ್ನು ಬಿಟ್ಟು, ಮೀನಿನ ಐಸಿನ ನೀರು ಹರಿಯುವ ಬಳಸು ದಾರಿಯಲ್ಲಿ ಆಫೀಸಿಗೆ ಹೋಗತೊಡಗಿದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಜಾತಿಯವಳು ನಾನಲ್ಲ ಎಂದೇ ಅಲ್ಲಿಯವರೆಗೆ ತಿಳಿದುಕೊಂಡಿದ್ದೆ.

ಎರಡನೆಯ ವಾರ ಪಡೀಲಿನ ರೈಲ್ವೆ ಸೇತುವೆಯ ಹತ್ತಿರ ವಾಹನಗಳೆಲ್ಲ ನಿಂತವು. ನಮ್ಮ ಕಾರಿನ ಪಕ್ಕಕ್ಕೇ ಆ ಬಸ್ಸು ಬಂದು ನಿಂತಿತು. ತಲೆ ಎತ್ತಿದರೆ ಅವರು. ಕಿಟಕಿಯ ಬದಿಯಲ್ಲಿ ಕೂತಿದ್ದರು, ಪಕ್ಕದ ಸೀಟು ಖಾಲಿ. ಅದರ ಮೇಲೆ ಕರಿಕೊಡೆ. ಸುತ್ತ ಜನ ಒಬ್ಬರ ಮೇಲೊಬ್ಬರು ಬೀಳುವಂತೆ ನಿಂತಿದ್ದರು. ಯಾರೋ ಅವರಿಗೆ ಜೋರಾಗಿ ಏನೋ ಹೇಳುತ್ತಿದ್ದರು. ಅವರು ಒಂದು ಕೈಯಲ್ಲಿ ಕೊಡೆಯನ್ನು ಒತ್ತಿ ಹಿಡಿದು, ಇನ್ನೊಂದು ಕೈ ಆಡಿಸುತ್ತಾ ವಾದಿಸುತ್ತಿದ್ದರು. ಬಿ.ಸಿ.ರೋಡ್ ಬಿಟ್ಟು ಅಷ್ಟು ದೂರ ಬಂದ ಮೇಲೂ ಸೀಟು ಬಿಟ್ಟುಕೊಟ್ಟಿರಲಿಲ್ಲ. ನಾನು ಇನ್ನೆಲ್ಲಿ ಹತ್ತುತ್ತೇನೆಂದು ಅವರು ಎಣಿಸಿದ್ದರೋ! ಅವರ ಮುಖ ಕಿಟಕಿಯ ಕಡೆಗೆ ತಿರುಗುತ್ತಿದ್ದಂತೆ ನಾನು ಸೊಂಟ ಮುರಿದು ಕೆಳಗೆ ಬಗ್ಗಿದೆ.

"ಎಂಥ ಬಿತ್ತು?" ಎಂದು ಆಫೀಸರು ಕೇಳಿದರು.

"ಪಿನ್ನು" ಎಂದೆ.

ಬಸ್ಸು ಮುಂದೆ ಹೋಗುವವರೆಗೆ ಇಲ್ಲದ ಪಿನ್ನನ್ನು ಹುಡುಕಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಮರುದಿನ ಬಸ್ಸಿಗೆ ಹೋಗಿ ಹೇಳಿಬರಬಹುದಿತ್ತು. ಅದನ್ನೂ ಮಾಡಲಿಲ್ಲ.

ನಾಲ್ಕು ತಿಂಗಳಿಗೆ ಆಫೀಸರಿಗೆ ಮೂಡುಬಿದಿರೆಗೆ ವರ್ಗವಾಯಿತು. ಕಾರು ಹೋಯಿತು, ನಾನು ಮತ್ತೆ ಬಿ.ಸಿ.ರೋಡಿನ ಸ್ಟಾಪಿನಲ್ಲಿ ನಿಂತೆ. ಊರಿಗೆ ಹೋಗಿದ್ದೆ, ಅತ್ತೆಗೆ ಹುಷಾರಿರಲಿಲ್ಲ, ಹೀಗೆ ಎರಡು ಮೂರು ಸುಳ್ಳು ತಯಾರು ಮಾಡಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ನಾನು ಮೆಟ್ಟಿಲು ಹತ್ತಿದ ಕೂಡಲೇ ಕಂಡಕ್ಟರ್, "ಓ, ಬಂದ್ರಾ ಮೇಡಂ? ಹುಷಾರಾಯ್ತಾ? ಸ್ವಲ್ಪ ಜಾಗ ಬಿಡಿ ಮಾರಾಯ್ರೆ, ಆಪರೇಷನ್ ಆದವರು" ಎಂದ. ಕಂಕನಾಡಿಯ ಆಸ್ಪತ್ರೆಗೆ ಹೋಗುವ ನರ್ಸೊಬ್ಬಳು ನನ್ನ ಬ್ಯಾಗನ್ನು ಕೈಯಿಂದ ತೆಗೆದುಕೊಂಡೇ ಬಿಟ್ಟಳು. "ಭಾರ ಎತ್ತಬಾರದು, ಒಳಗಿನ ಹೊಲಿಗೆ ಬಿಟ್ಟರೆ ಮತ್ತೆ ಕಷ್ಟ" ಎಂದಳು. ಯಾವ ಹೊಲಿಗೆ? ನನಗೆ ತಲೆಬುಡ ತಿಳಿಯಲಿಲ್ಲ.

ಅಷ್ಟರಲ್ಲಿ ಅಕ್ಕ ಎದ್ದು ನಿಂತಿದ್ದರು. ಅವರ ಪಕ್ಕದಲ್ಲಿ ಕೊಡೆ ಇರಲಿಲ್ಲ, ಬೇರೆ ಯಾರೋ ಕೂತಿದ್ದರು. "ಕೂತ್ಕೊಳ್ಳಿ ಟೀಚರ್" ಎಂದರು, ನನ್ನ ಮುಖ ನೋಡದೆ.

ನಾನು ಕೂತೆ. ಆ ಗಂಟುನೋವಿನ ಮುದುಕಿ ಫರಂಗಿಪೇಟೆಯವರೆಗೆ ಕಂಬಿ ಹಿಡಿದು ನಿಂತರು. ಅಲ್ಲಿ ಯಾರೋ ಇಳಿದ ಮೇಲೆ ಅವರಿಗೊಂದು ಸೀಟು ಸಿಕ್ಕಿತು.

ಸ್ಟೇಟ್‌ಬ್ಯಾಂಕಿನಲ್ಲಿ ಇಳಿದು ಇಬ್ಬರೂ ಬಂದರಿನ ಕಡೆಗೆ ನಡೆದೆವು. ನನಗೆ ತಡೆಯಲಾಗಲಿಲ್ಲ. "ಅಕ್ಕ, ನನಗೆ ಆಪರೇಷನ್ ಆಗಿದೆ ಅಂತ ಯಾರು ಹೇಳಿದ್ದು?"

"ನಾನು" ಎಂದರು. ಕುಂಟುತ್ತಲೇ ಮುಂದುವರಿಸಿದರು. "ಬರ್ತಾರೆ, ಬರ್ತಾರೆ ಅಂತ ಹತ್ತು ದಿನ ಎಲ್ಲರ ಹತ್ರ ಜಗಳ ಮಾಡಿದ್ದೇನೆ. ಏನೋ ಕಷ್ಟ ಬಂದಿರಬೇಕು, ಇಲ್ಲದಿದ್ದರೆ ಟೀಚರ್ ಹೇಳದೆ ಇರುವವರಲ್ಲ ಅಂತ ಎಣಿಸಿದೆ. ಆ ನರ್ಸ್ ಹುಡುಗಿ ನಿಂತೂ ನಿಂತೂ ಸುಸ್ತಾಗಿ ಅತ್ತೇ ಬಿಟ್ಟಳು. ಆದರೂ ಕೊಟ್ಟಿಲ್ಲ. ಮತ್ತೆ ಪಡೀಲಿನಲ್ಲಿ ನಿಮ್ಮನ್ನು ಕಂಡೆ."

ನನ್ನ ಕಾಲು ನಿಂತಿತು. ಅವರದ್ದು ನಿಲ್ಲಲಿಲ್ಲ.

"ಮರುದಿನ ಕೊಡೆ ಇಡಲಿಲ್ಲ. ಎಲ್ಲಿ ನಿಮ್ಮ ಜನ, ಬಂದರಾ ಅಂತ ಎಲ್ಲರೂ ಕೇಳಲಿಕ್ಕೆ ಶುರು ಮಾಡಿದರು. ಅವರು ಕಾರಿನಲ್ಲಿ ಹೋಗ್ತಾರೆ, ನನಗೆ ಹೇಳಲಿಲ್ಲ ಅಂತ ಹೇಳಿದರೆ ನಾನು ಮುಖ ಎಲ್ಲಿ ಇಡುವುದು? ಆಪರೇಷನ್ ಅಂದೆ. ಎಲ್ಲರೂ ಪಾಪ ಅಂದರು." ಆಮೇಲೆ ನಕ್ಕರು. "ಅಷ್ಟು ಬಗ್ಗಿದಿರಲ್ಲ ಟೀಚರ್, ಸೊಂಟ ಹಿಡ್ಕೊಳ್ಳಲಿಲ್ಲವಾ?"

ನನಗೆ ನಗು ಬರಲಿಲ್ಲ. "ತಪ್ಪಾಯ್ತಕ್ಕ" ಎಂದೆ.

"ಒಂದು ಮಾತು ಹೇಳಿದ್ದರೆ ಆಗ್ತಿತ್ತು. ನಾನೇನು ಕಾರಿನಲ್ಲಿ ಜಾಗ ಕೇಳ್ತಿದ್ದೆನಾ?"

ಗೋದಾಮಿನ ಬಾಗಿಲು ಬಂತು. ಒಳಗಿನಿಂದ ಅಡಿಕೆಯ ಒಗರು ವಾಸನೆ ಬರುತ್ತಿತ್ತು. ನಾಳೆ ಬಸ್ಸಿನಲ್ಲಿ ಎಲ್ಲರೆದುರು ನಿಜ ಹೇಳುತ್ತೇನೆ ಎಂದೆ. ಅವರು ಚಪ್ಪಲಿ ಬಿಡುತ್ತಿದ್ದವರು ತಲೆ ಎತ್ತಿದರು. "ಬೇಡ ಮಾರಾಯ್ರೆ. ನೀವು ನಿಜ ಹೇಳಿದರೆ ನೀವು ಒಳ್ಳೆಯವರಾಗ್ತೀರಿ. ನಾನು ಸುಳ್ಳಿ ಆಗ್ತೇನೆ. ನಾನು ದಿನಾ ಆ ಬಸ್ಸಿನಲ್ಲೇ ಹೋಗಬೇಕಲ್ಲ."

ನಾನು ಯಾರಿಗೂ ನಿಜ ಹೇಳಲಿಲ್ಲ. ಆ ಹತ್ತು ದಿನದ ಜಗಳದ ನಂತರ ಕಂಡಕ್ಟರ್ ಕೊಡೆ ಇಡಲು ಬಿಡುವುದಿಲ್ಲ. ಹಾಗಾಗಿ ಬೆಳಿಗ್ಗೆ ನಾನು ಹತ್ತಿದರೆ ಯಾರಾದರೂ ಏಳಬೇಕು. ನರ್ಸ್ ಏಳಲು ಹೊರಟರೆ ಅಕ್ಕ ಬಿಡುವುದಿಲ್ಲ. "ನನ್ನ ಟೀಚರ್, ನಾನೇ ಜಾಗ ಬಿಡ್ತೇನೆ" ಎನ್ನುತ್ತಾರೆ. ಬೇರೆ ಬಸ್ಸಿಗೆ ಹೋಗೋಣವೆಂದು ಯೋಚಿಸಿದ್ದೂ ಉಂಟು. ಆದರೆ ನಾನು ಇನ್ನೊಮ್ಮೆ ಕಾಣೆಯಾದರೆ ಅದಕ್ಕೂ ಕಾರಣ ಹೇಳಬೇಕಾದವರು ಅವರೇ.

ಮೊನ್ನೆ ತುಂಬೆಯ ಹತ್ತಿರ ಡ್ರೈವರ್ ಗಟ್ಟಿಯಾಗಿ ಬ್ರೇಕ್ ಹಾಕಿದ. ಅಕ್ಕನ ಬಲಗಾಲು ಮಡಚಿಕೊಂಡಿತು, ಬೀಳದಂತೆ ಕಂಬಿಗೆ ಜೋತುಬಿದ್ದರು. ನಾನು ಸಟ್ಟನೆ ಎದ್ದು ನಿಂತೆ. ಇವತ್ತು ಏನಾದರಾಗಲಿ, ಅವರನ್ನು ಕೂರಿಸಿಯೇ ಸಿದ್ಧ ಎಂದುಕೊಂಡೆ. "ಏಳಬೇಡಿ ಮೇಡಂ, ಹೊಲಿಗೆ!" ಎಂದು ನರ್ಸ್ ಕೂಗಿದಳು. "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಇಡೀ ಬಸ್ಸು ಗದರಿತು. ಎಲ್ಲರಿಗಿಂತ ಜೋರಾಗಿ ಕೇಳಿದ್ದು ಅಕ್ಕನ ಸ್ವರ. ಅವರ ಚೀಲವನ್ನೂ ಕರಿಕೊಡೆಯನ್ನೂ ಮಡಿಲಲ್ಲಿ ಇಟ್ಟುಕೊಂಡು ನಾನು ಕೂತೆ.